ಎರಡು ಸ್ವಭಾವ, ಒಬ್ಬನೇ ಕ್ರಿಸ್ತ: ಜಗಳ ಎಲ್ಲಿ ಹುಟ್ಟಿತು?

ಪ್ರಶ್ನೆ: ಕ್ರಿಸ್ತ ಒಬ್ಬನೇ ವ್ಯಕ್ತಿ, ಅವನಲ್ಲಿ ದೈವ ಮತ್ತು ಮಾನುಷ ಎಂಬ ಎರಡು ಸ್ವಭಾವಗಳಿವೆ ಎಂದು 451ರಲ್ಲಿ ಬಿಷಪ್‌ಗಳು ಸೇರಿದ್ದ ಕ್ಯಾಲ್ಸೆಡನ್ ಮಹಾಸಭೆಯಲ್ಲೇ ತೀರ್ಮಾನವಾಗಿತ್ತಲ್ಲ? ಮತ್ತೆ ಪ್ರಾಟೆಸ್ಟಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಕಡೆಯವರು ಅದಕ್ಕೇ ಕಿತ್ತಾಡಿದ್ದೇಕೆ?
– ಓದುಗರು, ಪುಣೆ

ಉತ್ತರ: ಆ ತೀರ್ಮಾನವನ್ನು ಇಬ್ಬರೂ ಒಪ್ಪಿದವರೇ. ಸ್ವಭಾವಗಳೆರಡೂ ಕಲಸಿಹೋಗಿಲ್ಲ, ಬೇರ್ಪಟ್ಟೂ ಇಲ್ಲ ಎಂದ ಸಭೆ, ಒಂದರ ಗುಣ ಇನ್ನೊಂದಕ್ಕೆ ಎಷ್ಟು ಸಲ್ಲುತ್ತದೆ ಎಂಬುದನ್ನು ಬಿಡಿಸಿ ಹೇಳಿರಲಿಲ್ಲ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ವಿಚಾರ ಬಂದಾಗ ಆ ಗಂಟು ಬಿಗಿಯಿತು. 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಲೂಥರ್, ರೊಟ್ಟಿ ಕೊಡುತ್ತಾ ಯೇಸು ಹೇಳಿದ 'ಇದು ನನ್ನ ದೇಹ' ಎಂಬ ಮಾತನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟು ಪಟ್ಟು ಹಿಡಿದ. ಸ್ವರ್ಗಕ್ಕೇರಿದ ದೇಹ ಅಲ್ಲೇ ಇದೆ, ರೊಟ್ಟಿಯಲ್ಲೂ ಹೇಗಿರುತ್ತದೆ ಎಂಬುದು ಎದುರು ಕೂತ ಸ್ವಿಸ್ ಸುಧಾರಕ ಸ್ವಿಂಗ್ಲಿಯ ತಕರಾರು.

ಓದುವವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. 'ಈ ಮನುಷ್ಯ ಸರ್ವವ್ಯಾಪಿ' ಎಂದರೆ ಎರಡೂ ಪಕ್ಷಕ್ಕೆ ಒಪ್ಪಿಗೆ, ಏಕೆಂದರೆ ಮಾತು ವ್ಯಕ್ತಿಯ ಬಗ್ಗೆ. 'ಅವನ ಮಾನುಷ ಸ್ವಭಾವವೂ ಸರ್ವವ್ಯಾಪಿ' ಎಂದಿರೋ, ಕ್ಯಾಲ್ವಿನ್ ಕಡೆಯವರು ಸುತರಾಂ ಒಪ್ಪುವುದಿಲ್ಲ. ಎಲ್ಲೆಡೆ ಇರುವುದು ದೇಹವೇ ಅಲ್ಲ ಎನ್ನುತ್ತಾರೆ. ಆದ್ದರಿಂದ ಯಾವ ಗ್ರಂಥ ತೆರೆದರೂ ವಾಕ್ಯದ ಕರ್ತೃ ವ್ಯಕ್ತಿಯೋ ಸ್ವಭಾವವೋ ಎಂದು ಮೊದಲು ನೋಡಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಲೂಥರನ್ನರ ಕಡೆ ದೇವಶಾಸ್ತ್ರಜ್ಞ ಮಾರ್ಟಿನ್ ಕೆಮ್ನಿಟ್ಸ್ ಸಭಾಪಿತೃಗಳ, ಅಂದರೆ ಆದಿಕಾಲದ ಕ್ರೈಸ್ತ ಗುರುಗಳ, ಉಪಮೆಯನ್ನೇ ಹಿಡಿದ: ಕೆಂಪಗೆ ಕಾದ ಕಬ್ಬಿಣ ಕಬ್ಬಿಣವಾಗಿಯೇ ಉಳಿದು ಬೆಂಕಿಯಂತೆ ಸುಡುತ್ತದೆ; ಹಾಗೆಯೇ ಮಾನುಷ ಸ್ವಭಾವ ಮಾನುಷವಾಗಿಯೇ ಉಳಿದು ದೈವದ ಶಕ್ತಿಯಲ್ಲಿ ಪಾಲು ಪಡೆಯುತ್ತದೆ. ಲೂಥರನ್ನರ ನಂಬಿಕೆಯ ಘೋಷಣೆಯಾದ 1577ರ ಫಾರ್ಮುಲಾ ಆಫ್ ಕಾನ್ಕಾರ್ಡ್‌ನ 8ನೇ ವಿಧಿ ಇದೇ ನಿಲುವಿನದು. ಆದರೆ ಇದು ಅವರ ಮನೆಯೊಳಗೇ ಹೊಸ ತಲೆನೋವು ತಂದಿತು. ಗೋದಲಿಯಲ್ಲಿ ಮಲಗಿದ್ದ ಶಿಶು ಆಗಲೂ ಜಗತ್ತನ್ನು ಆಳುತ್ತಿತ್ತೇ? ಹೌದು, ಗುಟ್ಟಾಗಿ, ಎಂದರು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದವರು. ಶಕ್ತಿಯಿತ್ತು, ಬಳಸುವುದನ್ನು ಬಿಟ್ಟಿದ್ದ ಎಂದರು ಗೀಸೆನ್ ವಿಶ್ವವಿದ್ಯಾಲಯದವರು. 1624ರ ಸ್ಯಾಕ್ಸನಿಯ ತೀರ್ಪು ಬಹುಪಾಲು ಗೀಸೆನ್ ಕಡೆ ವಾಲಿತು. ಟ್ಯೂಬಿಂಗೆನ್ ವಾದ ತರ್ಕಕ್ಕೆ ಹೆಚ್ಚು ನಿಷ್ಠವಾಗಿತ್ತು. ಸುವಾರ್ತೆಯಲ್ಲಿ ಹಸಿದು ಬಳಲುವ ಯೇಸುವಿಗೆ ಹೊಂದಿಸುವುದು ಮಾತ್ರ ಕಷ್ಟ.

ಪ್ರಶ್ನೆ: ಇಂಥ ವಾದದ ಬಿಸಿ ನಮ್ಮ ಗೋವಾಕ್ಕೂ ತಟ್ಟಿತ್ತೇ?
– ಓದುಗರು, ಮಡಗಾಂವ್

ಉತ್ತರ: ಗೋವಾದಿಂದ ಹೊರಟು ಕೇರಳಕ್ಕೆ ತಟ್ಟಿತು ಎನ್ನಿ. ಅದೂ ಇದಲ್ಲ, ಇನ್ನೂ ಹಳೆಯ ವ್ಯಾಜ್ಯ. ಕ್ರಿಸ್ತನನ್ನು ಇಬ್ಬರು ವ್ಯಕ್ತಿಗಳಾಗಿ ಒಡೆದ ಎಂಬ ಆರೋಪದ ಮೇಲೆ ಕಾನ್‌ಸ್ಟಾಂಟಿನೋಪಲ್‌ನ ಆರ್ಚ್‌ಬಿಷಪ್ ನೆಸ್ಟೋರಿಯಸ್‌ನನ್ನು 431ರ ಎಫೆಸಸ್ ಮಹಾಸಭೆ ಖಂಡಿಸಿತ್ತು. ಕೇರಳದ ಪುರಾತನ ಕ್ರೈಸ್ತರಾದ ಸಂತ ಥಾಮಸ್ ಕ್ರೈಸ್ತರ ಸಿರಿಯಾಕ್ ಭಾಷೆಯ ಪೂಜಾವಿಧಿಯಲ್ಲಿ ಅವನ ಸ್ಮರಣೆ ಉಳಿದಿತ್ತು. 1599ರ ಜೂನ್‌ನಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜಿಸ್ ಕೇರಳದ ಉದಯಂಪೇರೂರಿನಲ್ಲಿ ಸಭೆ ಕರೆದು ಅದನ್ನು ತೆಗೆಸಿದ, ಪುಸ್ತಕಗಳನ್ನು ತಿದ್ದಿಸಿದ, ಕೆಲವನ್ನು ಸುಡಿಸಿದ. ತತ್ತ್ವದ ಜೊತೆಗೆ ಅಧಿಕಾರದ ಲೆಕ್ಕಾಚಾರವೂ ಇತ್ತು: ಆ ಕ್ರೈಸ್ತರು ತಮ್ಮ ಸಭೆಯ ಮುಖ್ಯಸ್ಥನಾಗಿದ್ದ ಬ್ಯಾಬಿಲೋನಿನ ಪಿತೃಪ್ರಧಾನನನ್ನು ಬಿಟ್ಟು ರೋಮಿಗೆ ತಲೆಬಾಗಬೇಕೆಂದೂ ಅದೇ ಸಭೆ ವಿಧಿಸಿತು.