ಇಂಗ್ಲಿಷ್ ಹಾಡಿಗೆ ಕಿವಿ ಕೊಡುವುದು ಎಲ್ಲಿಂದ?

ಪ್ರಶ್ನೆ: ನಾನು ಗದಗದ ಕಡೆಯವಳು, ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದೆ. ಬೀಸುವ ಪದ, ಸೋಬಾನ ಪದ, ತತ್ವಪದ ಕೇಳಿಕೊಂಡೇ ಬೆಳೆದವಳು. ಕಾಲೇಜಿಗೆ ಹೋಗುವ ಮಗ ಸದಾ ಹಳೆಯ ಇಂಗ್ಲಿಷ್ ರಾಕ್ ಹಾಡು ಹಾಕಿಕೊಂಡಿರುತ್ತಾನೆ, ಗಿಟಾರೂ ಬಾರಿಸುತ್ತಾನೆ. ಅವನ ಜೊತೆ ಕೂತು ಕೇಳುವ ಆಸೆ ನನಗೆ. ಆದರೆ ಮಾತು ಒಂದೂ ತಿಳಿಯುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾತನ್ನು ಸದ್ಯಕ್ಕೆ ಬಿಟ್ಟುಬಿಡಿ, ಅಕ್ಕಾ. 'ಕೋಡಗನ ಕೋಳಿ ನುಂಗಿತ್ತ' ಮೊದಲ ಸಲ ಕಿವಿಗೆ ಬಿದ್ದಾಗ ಅರ್ಥ ಯಾರಿಗೆ ಗೊತ್ತಿತ್ತು? ಮೊದಲು ಧಾಟಿ ಹಿಡಿಸಿತು. ಅರ್ಥ ಆಮೇಲೆ ಬಂತು, ಅಲ್ವಾ?

ನಿಮಗೆ ನಾನು ಹೇಳುವ ಮೊದಲ ಹಾಡು 'ಹೌಸ್ ಆಫ್ ದ ರೈಸಿಂಗ್ ಸನ್'. ದಿ ಅನಿಮಲ್ಸ್ ಎಂಬ ಇಂಗ್ಲೆಂಡಿನ ತಂಡ 1964ರಲ್ಲಿ ಹಾಡಿದ್ದನ್ನೇ ಹಾಕಿಸಿ. ಇದು ಅವರು ಕಟ್ಟಿದ ಹಾಡಲ್ಲ, ಅಮೆರಿಕದಲ್ಲಿ ಬಾಯಿಂದ ಬಾಯಿಗೆ ಬಂದ ಜನಪದ. ನ್ಯೂ ಆರ್ಲಿಯನ್ಸ್ ಊರಿನ ಒಂದು ಮನೆಗೆ ಕಾಲಿಟ್ಟು ಬಾಳು ಹಾಳಾದವರ ಗೋಳು ಅದರಲ್ಲಿದೆ. ಹಿಂದೆ ಹಾಡಿದವರಲ್ಲಿ ಹಲವರು ಅದನ್ನು ಹೆಣ್ಣಿನ ಬಾಯಲ್ಲಿ ಹೇಳಿಸಿದ್ದಾರೆ. 1962ರ ತನ್ನ ಮೊದಲ ಆಲ್ಬಮ್‌ನಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಹಾಡಿದ್ದೂ ಹಾಗೆಯೇ. ಅನಿಮಲ್ಸ್ ಅದನ್ನು ಹುಡುಗನ ಕತೆ ಮಾಡಿತು. ಬೀಸುವ ಪದ ಓಣಿಯಿಂದ ಓಣಿಗೆ ಬದಲಾಗುವುದನ್ನು ಕಂಡ ನಿಮಗೆ ಇದು ಹೊಸದೇನಲ್ಲ.

ಇನ್ನು ಕೇಳುವ ಬಗೆ. ಗಿಟಾರ್ ಒಂದೊಂದೇ ತಂತಿ ಬಿಡಿಸಿಕೊಂಡು ಶುರುವಾಗುತ್ತದೆ. ಆರು ಮಾತ್ರೆಯ ನಡೆ. ದಾದರಾ ತಾಳ ಎಣಿಸುವ ಹಾಗೆ ತೊಡೆಯ ಮೇಲೆ ಬೆರಳಿಟ್ಟು ಎಣಿಸಿ ನೋಡಿ, ಸರಿಯಾಗಿ ಕೂರುತ್ತದೆ. ತಂಡದ ಹಾಡುಗಾರ ಎರಿಕ್ ಬರ್ಡನ್ ಮೊದಲು ತಗ್ಗಿದ ದನಿಯಲ್ಲಿ ಹೇಳುತ್ತಾ ಹೋಗುತ್ತಾನೆ. ನಡುವೆ ಒಮ್ಮೆಗೇ ಮೇಲಿನ ಸ್ಥಾಯಿಗೆ ಏರುತ್ತಾನೆ. ಅಲ್ಲಿ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಗಿಟಾರ್ ಕಲಿಯುವ ಹುಡುಗರು ಶುರುವಿನಲ್ಲೇ ಕಲಿಯುವ ಹಾಡು ಇದು, ನಿಮ್ಮ ಮಗನಿಗೂ ಬರುತ್ತಿರಬೇಕು. ಬಾರಿಸು ಅನ್ನಿ. ಪಕ್ಕದಲ್ಲಿ ಕೂತು ಅವನ ಬಲಗೈ ಬೆರಳು ನೋಡಿ. ಹತ್ತು ಸಲ ಸುಮ್ನೆ ಕೇಳುವುದಕ್ಕಿಂತ ಅದರಿಂದ ಜಾಸ್ತಿ ತಿಳಿಯುತ್ತದೆ.

ಎರಡನೆಯ ಹಾಡು ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ. ನಾನು ಅಲ್ಲಿಯ ಫೋರ್ಟ್ ಪ್ರದೇಶದ ಹೋಟೆಲಿನಲ್ಲಿ ದುಡಿಯುತ್ತಾ ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ಆ ಗಲ್ಲಿಗಳೆಲ್ಲ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಅದೇ ಫೋರ್ಟಿನ ಎಚ್‌ಎಂವಿ ಸ್ಟುಡಿಯೊಗೆ 1968ರ ಜನವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಬಂದಿದ್ದ. ಒಂದು ಸಿನಿಮಾಕ್ಕೆ ಸಂಗೀತ ಮಾಡಿಸಲು ಬಂದವನು 'ದಿ ಇನ್ನರ್ ಲೈಟ್' ಎಂಬ ಹಾಡಿನ ವಾದ್ಯಭಾಗವನ್ನೂ ಇಲ್ಲಿಯ ಕಲಾವಿದರಿಂದಲೇ ನುಡಿಸಿಕೊಂಡು ಹೋದ. ಕೊಳಲು ಹರಿಪ್ರಸಾದ್ ಚೌರಾಸಿಯಾ ಅವರದು. ಹ್ಯಾರಿಸನ್ ಲಂಡನ್ನಿಗೆ ಮರಳಿದ ಮೇಲೆ ಅದಕ್ಕೆ ಹಾಡಿನ ದನಿ ಸೇರಿಸಿದ.

ಹಾಡು ಮೂರು ನಿಮಿಷವೂ ಇಲ್ಲ. ಅವನು ಹಾಡುವಾಗ ವಾದ್ಯಗಳು ತಗ್ಗುತ್ತವೆ, ನಿಲ್ಲಿಸಿದ ಕೂಡಲೇ ಲಯ ಬಿರುಸಾಗುತ್ತದೆ. ಹಾರ್ಮೋನಿಯಂ, ಸರೋದ್, ಕೊಳಲು, ಎಲ್ಲ ನಿಮಗೆ ಪರಿಚಯದ ದನಿಗಳೇ. ಮಾತು ಚೀನಾದ ಲಾವೋತ್ಸೆಯ ದಾವ್ ದ ಜಿಂಗ್ ಎಂಬ ಹಳೆಯ ಗ್ರಂಥದಿಂದ ಬಂದದ್ದು: ಮನೆಯ ಬಾಗಿಲು ದಾಟದೆಯೂ ಲೋಕವನ್ನು ತಿಳಿಯಬಹುದು, ದೂರ ಹೋದಷ್ಟೂ ತಿಳಿಯುವುದು ಕಡಿಮೆ. ತತ್ವಪದ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಟಲ್ಸ್ ಅಂದ ಕೂಡಲೇ ಜನ ಬೇರೆ ಹತ್ತು ಹಾಡಿನ ಹೆಸರು ಹೇಳುತ್ತಾರೆ, ಇದನ್ನು ಮರೆಯುತ್ತಾರೆ. ನನಗೆ ಅದು ಬೇಸರ. ಫೋರ್ಟಿನ ಕಡೆ ಓಡಾಡುವ ಪ್ರತಿ ಮುಂಬಯಿಕರನೂ ಇದನ್ನು ಕೇಳಿರಬೇಕು.

ಎಲೆಕ್ಟ್ರಿಕ್ ಗಿಟಾರಿನ ಅಬ್ಬರದ ಹಾಡುಗಳನ್ನು ಒಂದೆರಡು ತಿಂಗಳು ಬಿಟ್ಟು ಹಿಡಿಯಿರಿ. ಅಷ್ಟರಲ್ಲಿ ಕಿವಿ ಪಳಗಿರುತ್ತದೆ.

ಪ್ರಶ್ನೆ: ಇಂಗ್ಲೆಂಡಿನ ರಾಕ್ ತಂಡ ಕ್ವೀನ್‌ನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಂಚಗಣಿಯಲ್ಲಿ ಓದಿದ್ದು ನಿಜವೇ? ಅವನ ಯಾವ ಹಾಡು ಕೇಳಬೇಕು? (ಓದುಗರು, ಪುಣೆ)

ಉತ್ತರ: ನಿಜ. ಹುಟ್ಟಿದ್ದು ಜಾಂಜಿಬಾರ್‌ನಲ್ಲಿ, 1946ರಲ್ಲಿ. ಪಾರ್ಸಿ ಮನೆತನ, ಹೆಸರು ಫಾರೋಖ್ ಬುಲ್ಸಾರಾ. ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲಿನಲ್ಲಿದ್ದು ಓದಿದ. ಅಲ್ಲಿ ಗೆಳೆಯರ ಜೊತೆ 'ದಿ ಹೆಕ್ಟಿಕ್ಸ್' ಎಂಬ ತಂಡ ಕಟ್ಟಿ ಪಿಯಾನೊ ನುಡಿಸುತ್ತಿದ್ದ.

ಕೇಳಲು 1975ರ 'ಬೊಹೀಮಿಯನ್ ರ‍್ಯಾಪ್ಸೊಡಿ'ಯೇ ಸಾಕು. ಸುಮಾರು ಆರು ನಿಮಿಷ. ನಡುವೆ ದೊಡ್ಡ ಮೇಳವೊಂದು ಹಾಡಿದಂತೆ ಕೇಳುತ್ತದಲ್ಲ, ಅಲ್ಲಿರುವುದು ಮೂವರದೇ ಕಂಠ: ಮರ್ಕ್ಯುರಿ, ಅವನ ತಂಡದವರೇ ಆದ ಬ್ರಯಾನ್ ಮೇ, ರೋಜರ್ ಟೇಲರ್. ಅವರೇ ಮತ್ತೆ ಮತ್ತೆ ಹಾಡಿ, ಟೇಪಿನ ಮೇಲೆ ಪದರ ಪದರವಾಗಿ ಸೇರಿಸಿದ್ದು. ಎಲ್ಲಕ್ಕಿಂತ ಮೇಲಿನ ಆ ಕೀರಲು ಸ್ವರ ಡ್ರಮ್ಸ್ ಬಾರಿಸುವ ಟೇಲರ್‌ನದು. ಫೋನಿನ ಸ್ಪೀಕರಿನಲ್ಲಿ ಇದು ದಕ್ಕುವುದಿಲ್ಲ, ಹೆಡ್‌ಫೋನ್ ಹಾಕಿಕೊಂಡೇ ಕೇಳಿ.