ಒಂದನೇ ಕ್ಲಾಸಿನ ಓದಿನ ಮೇಲೆ ಪಿಎಚ್‌ಡಿ ಮಾಡಬಹುದಾ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ತರಗತಿ (ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಯಿಂದ ಕಲಿಯುವುದು) ನೋಡಿಕೊಳ್ಳುತ್ತೇನೆ. ಎಂ.ಎ. ಕನ್ನಡ ಆಗಿದೆ, ಆಮೇಲೆ ಎಂ.ಎಡ್. ಮಾಡಿದೆ, ಅದರಲ್ಲಿ ಶೇ. 57 ಬಂದಿದೆ. ನಮ್ಮ ಮಕ್ಕಳು ಅಕ್ಷರ ಗುರುತಿಸುತ್ತಾರೆ, ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾರೆ. ಕೆಲವರು ಗಟ್ಟಿಯಾಗಿ ಓದಿ ಮುಗಿಸುತ್ತಾರೆ, ಏನು ಓದಿದೆ ಅಂತ ಕೇಳಿದರೆ ಮುಖ ನೋಡುತ್ತಾರೆ. ಇದರ ಬಗ್ಗೆಯೇ ಪಿಎಚ್‌ಡಿ ಮಾಡುವ ಆಸೆ. ಈ ವಿಷಯ ಯಾವ ವಿಶ್ವವಿದ್ಯಾಲಯದಲ್ಲಿದೆ? ಕೆಲಸ ಬಿಡದೆ, ದೂರಶಿಕ್ಷಣದಲ್ಲಿ ಆಗುತ್ತದೆಯೇ? ಜೊತೆಯ ಶಿಕ್ಷಕರಂತೂ ‘ಅ ಆ ಇ ಈ ಮೇಲೆ ಎಂಥ ಸಂಶೋಧನೆ’ ಅನ್ನುತ್ತಾರೆ.
– ಒಬ್ಬ ಶಿಕ್ಷಕಿ, ಸಿಂಧನೂರು

ಉತ್ತರ: ಮೇಡಂ, ನಿಮ್ಮ ಜೊತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ತಪ್ಪು. ನಿಮ್ಮ ಪಕ್ಕದ ಯಾದಗಿರಿ ಜಿಲ್ಲೆಯಲ್ಲೇ ಸಂಶೋಧಕಿ ಶೈಲಜಾ ಮೆನನ್ ಮತ್ತು ಸಂಗಡಿಗರು ಒಂದನೇ ತರಗತಿಯ ಮಕ್ಕಳು ಮೂರನೇ ತರಗತಿ ಮುಗಿಸುವವರೆಗೂ ಅವರ ಓದು ಬರಹವನ್ನು ಹಿಂಬಾಲಿಸಿ ನೋಡಿದ್ದಾರೆ. ಮರಾಠಿಗಾಗಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲೂ ಅದೇ ಕೆಲಸ ನಡೆಯಿತು. 2017ರಲ್ಲಿ ವರದಿ ಬಂತು. ಅದಕ್ಕೂ ಮೊದಲು, 2007ರಲ್ಲಿ, ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದು ಕಲಿಯುವ ವೇಗದ ಮೇಲೆ ಲೇಖನ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಇಂಗ್ಲಿಷಿನ 26 ಅಕ್ಷರಗಳ ಹಾಗೆ ಕನ್ನಡದ ಅಕ್ಷರ ಬೇಗ ಕಲಿತು ಮುಗಿಯುವುದಿಲ್ಲ, ಕಾಗುಣಿತ ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳಾಗುತ್ತವೆ, ಆ ಕಲಿಕೆ ನಾಲ್ಕನೇ ತರಗತಿಯಲ್ಲೂ ನಡೆಯುತ್ತಲೇ ಇರುತ್ತದೆ. ಒಂದನೇ ಕ್ಲಾಸಿನಲ್ಲೇ ಎಲ್ಲ ಬರಬೇಕು ಅಂತ ಮಗುವನ್ನು ಗದರಿಸುವವರು ಇದನ್ನು ಓದಬೇಕು.

ಇನ್ನೂ ಎಷ್ಟೋ ಪ್ರಶ್ನೆ ಹಾಗೇ ಬಿದ್ದಿವೆ. ‘ಸೂರ್ಯ’ ಅನ್ನುವಾಗ ಬಾಯಲ್ಲಿ ರಕಾರ ಮೊದಲು ಬರುತ್ತದೆ, ಅರ್ಕಾವೊತ್ತು ಹಾಕಿ ಬರೆದರೆ ಕಣ್ಣಿಗೆ ಯ ಮೊದಲು ಕಾಣುತ್ತದೆ, ಮಗು ಅದನ್ನು ಹೇಗೆ ದಾಟುತ್ತದೆ? ನಾವು ‘ರ ಗ ಸ ದ ಅ’ ಅಂತ ಶುರು ಮಾಡುತ್ತೇವಲ್ಲ, ಆ ಕ್ರಮದಿಂದ ಯಾರಿಗೆ ಅನುಕೂಲ, ಯಾರಿಗೆ ಕಷ್ಟ? ನಿಮ್ಮ ಕಡೆಯಂತೂ ಮನೆಯಲ್ಲಿ ಲಂಬಾಣಿ, ತೆಲುಗು, ಉರ್ದು ಮಾತಾಡುವ ಮಕ್ಕಳು ಒಂದೇ ಚಾಪೆಯ ಮೇಲೆ ಕೂತಿರುತ್ತಾರೆ. ಅದರಲ್ಲಿ ಒಂದು ಮಗು ಗಟ್ಟಿಯಾಗಿ ಓದಿಯೂ ಅರ್ಥ ಹೇಳದೆ ಇದ್ದರೆ, ಅದು ಓದಿನ ತೊಂದರೆಯೋ, ಆ ಪದವನ್ನು ಕನ್ನಡದಲ್ಲಿ ಯಾವತ್ತೂ ಕೇಳಿಯೇ ಇಲ್ಲವೋ, ಅಥವಾ ಉತ್ತರ ಗೊತ್ತಿದ್ದೂ ಕನ್ನಡದಲ್ಲಿ ಹೇಳಲು ಅಂಜುತ್ತಿದೆಯೋ? ಮೂರಕ್ಕೂ ಪರಿಹಾರ ಬೇರೆ ಬೇರೆ. ಅಂಕಪಟ್ಟಿಯಲ್ಲಿ ಮಾತ್ರ ಮೂರೂ ಒಂದೇ ಥರ ಕಾಣುತ್ತವೆ. ಇದನ್ನು ಬಿಡಿಸಿ ತೋರಿಸಲು ದಿನಾ ಆ ಮಕ್ಕಳ ಜೊತೆ ಇರುವವರು ಬೇಕು. ನಿಮ್ಮಂಥವರು ಸಂಶೋಧನೆಗೆ ಬರಲೇಬೇಕು ಅಂತ ನಾನು ಒತ್ತಿ ಹೇಳುವುದು ಅದಕ್ಕೇ.

ಈಗ ವ್ಯವಹಾರದ ಮಾತು. ನಮ್ಮ ಕಡೆ ‘ಓದು’ ಅಂತ ಬೋರ್ಡ್ ಹಾಕಿಕೊಂಡ ವಿಭಾಗ ಹುಡುಕುತ್ತಾ ಕೂರಬೇಡಿ. ನೀವು ಸೇರುವುದು ಶಿಕ್ಷಣ ವಿಭಾಗಕ್ಕೆ, ಓದು ನಿಮ್ಮ ಮಹಾಪ್ರಬಂಧದ ವಿಷಯ ಆಗುತ್ತದೆ. ಗುಲ್ಬರ್ಗ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ನಿಮಗೆ ಹತ್ತಿರ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಇದೆ. ಓದಿನ ತೊಂದರೆಯ ಕಡೆ ಜಾಸ್ತಿ ಮನಸ್ಸಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡ ಓದಿನ ಮೇಲೆ ಆಗಿರುವ ಕೆಲಸವನ್ನು ತಪ್ಪದೆ ನೋಡಿ.

ದೂರಶಿಕ್ಷಣ, ಆನ್‌ಲೈನ್ ಎರಡೂ ಇಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮ ಇದನ್ನು ನೇರವಾಗಿ ಹೇಳಿದೆ, ಯಾರಾದರೂ ‘ಮನೆಯಲ್ಲೇ ಕೂತು ಪಿಎಚ್‌ಡಿ’ ಅಂದರೆ ದುಡ್ಡು ಕಟ್ಟಬೇಡಿ. ಆದರೆ ಅದೇ ನಿಯಮ ಅರೆಕಾಲಿಕ ಪಿಎಚ್‌ಡಿಗೆ ಅವಕಾಶ ಕೊಟ್ಟಿದೆ. ಅದಕ್ಕೆ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ (ಪಿಎಚ್‌ಡಿ ಶುರುವಿನ ತರಗತಿಗಳಿಗೆ) ಬಿಡುಗಡೆ ಮಾಡುತ್ತೇವೆ, ಈ ಮೂರೂ ಅದರಲ್ಲಿ ಇರಬೇಕು. ಬಿಇಒ ಕಚೇರಿಗೆ ಇವತ್ತೇ ಅರ್ಜಿ ಹಾಕಿ. ಫೈಲು ಓಡಾಡಲು ಟೈಮ್ ಬೇಕು, ಪ್ರವೇಶದ ಪ್ರಕಟಣೆ ಬಂದ ಮೇಲೆ ಹೊರಟರೆ ಆ ವರ್ಷ ಹೋದ ಹಾಗೇ.

ಶೇ. 57 ಸಾಕು, ಸ್ನಾತಕೋತ್ತರದಲ್ಲಿ ಕೇಳುವುದು 55. ಮೀಸಲಾತಿ ವರ್ಗದವರಿಗೆ ಇನ್ನೂ 5 ಸಡಿಲಿಕೆ. ಪ್ರವೇಶ ಪರೀಕ್ಷೆ ಬರೆಯಬಹುದು, ಇಲ್ಲವೇ 2024ರ ಜೂನ್‌ನಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕದ ಮೇಲೂ ಸೇರಬಹುದು, ಅದರಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ ಕೊಡುವ ವರ್ಗವೂ ಇದೆ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೆರಡು, ಮಹಿಳೆಯರಿಗೆ ಅದರ ಮೇಲೂ ಎರಡು, ಒಟ್ಟು 10 ದಾಟಬಾರದು. ಕೆಲಸ, ಮನೆ ಎರಡೂ ಇರುವ ನಿಮಗೆ ಇದು ದೊಡ್ಡ ಅನುಕೂಲ.

ಎಲ್ಲಕ್ಕಿಂತ ಮುಖ್ಯ ಮಾರ್ಗದರ್ಶಕರು. ವಿಶ್ವವಿದ್ಯಾಲಯದ ಹೆಸರು ನೋಡಿ ಸೇರಬೇಡಿ. ಒಬ್ಬ ಪ್ರೊಫೆಸರ್ 8 ಜನರನ್ನು, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು, ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಜಾಗ ಇದೆಯಾ ಅಂತ ಮೊದಲೇ ಕೇಳಿ. ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ಅವರ ಹಿಂದಿನ ವಿದ್ಯಾರ್ಥಿಗಳ ಪ್ರಬಂಧ ಉಚಿತವಾಗಿ ಸಿಗುತ್ತದೆ, ಇಳಿಸಿಕೊಂಡು ಓದಿ. ಅದರಲ್ಲಿ ಮಗು ಕಾಣುತ್ತದಾ, ಮಗು ಓದುವಾಗ ಎಲ್ಲಿ ತಡವರಿಸಿತು ಅಂತ ಬರೆದಿದ್ದಾರಾ, ಅಥವಾ ಪ್ರಶ್ನಾವಳಿ ಹಂಚಿ ಕೋಷ್ಟಕ ತುಂಬಿ ಮುಗಿಸಿದ್ದಾರಾ ನೋಡಿ. ಎರಡನೆಯ ಥರದ್ದೇ ಸಾಲಾಗಿ ಕಂಡರೆ ಬೇರೆಯವರನ್ನು ಹುಡುಕಿ. ನಿಮ್ಮ ಪ್ರಶ್ನೆ ಅಂಥ ಕಡೆ ಉಳಿಯುವುದಿಲ್ಲ.

ಇನ್ನೊಂದು ಮಾತು, ನಿಮ್ಮದೇ ತರಗತಿಯಲ್ಲಿ ಸಂಶೋಧನೆ ಮಾಡುವ ಆಸೆ ಬರುತ್ತದೆ, ಬರಲಿ. ಆದರೆ ಪಾಠ ಮಾಡಿದವರೇ ಪರೀಕ್ಷಿಸಿದರೆ ಫಲಿತಾಂಶ ನಮಗೆ ಬೇಕಾದ ಕಡೆ ವಾಲುತ್ತದೆ. ಮಕ್ಕಳ ಓದನ್ನು ರೆಕಾರ್ಡ್ ಮಾಡಿ, ಮಕ್ಕಳು ಯಾರೆಂದು ಗೊತ್ತಿಲ್ಲದ ಇನ್ನೊಬ್ಬರಿಂದ ಅಂಕ ಹಾಕಿಸಿ. ತಂದೆ ತಾಯಿಗೆ ಅವರ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಿರಿ, ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. ಮಗುವಿನ ಹೆಸರು ಪ್ರಬಂಧದಲ್ಲಿ ಎಲ್ಲೂ ಬರಬಾರದು.

ಓದಬೇಕಾದ ಲೇಖನಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷಿನಲ್ಲಿವೆ. ದಿನಾ ಎರಡು ಪುಟದಂತೆ ಈಗಲೇ ಅಭ್ಯಾಸ ಮಾಡಿಕೊಳ್ಳಿ. ದುಡ್ಡಿಗೆ ಪ್ರಬಂಧ ಬರೆದು ಕೊಡುತ್ತೇವೆ, ಹಣ ಕೊಟ್ಟರೆ ವಾರದಲ್ಲಿ ಲೇಖನ ಪ್ರಕಟಿಸುತ್ತೇವೆ ಅನ್ನುವವರು ಫೋನ್ ಮಾಡೇ ಮಾಡುತ್ತಾರೆ, ಮರುಳಾಗಬೇಡಿ. ಯುಜಿಸಿಯ ಈಗಿನ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಅಂತ ಇಲ್ಲ, ನೀವು ಸೇರುವ ವಿಶ್ವವಿದ್ಯಾಲಯ ಏನು ಕೇಳುತ್ತದೆ ಅಂತ ಮಾತ್ರ ನೋಡಿಕೊಳ್ಳಿ.

ಪ್ರಶ್ನೆ: ನನ್ನ ತಂಗಿ ಮದುವೆಯಾಗಿ ಅಮೆರಿಕದಲ್ಲಿದ್ದಾಳೆ, ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಓದು ಕಲಿಸುವುದರ ಬಗ್ಗೆಯೇ ಡಾಕ್ಟರೇಟ್ ಮಾಡಬೇಕಂತೆ. ಅಲ್ಲಿ ಪಿಎಚ್‌ಡಿ, ಇಡಿಡಿ (ಡಾಕ್ಟರ್ ಆಫ್ ಎಜುಕೇಶನ್) ಅಂತ ಎರಡು ಇವೆ. ಯಾವುದು ಒಳ್ಳೆಯದು?
– ದಾವಣಗೆರೆಯಿಂದ ಒಬ್ಬ ಓದುಗರು

ಉತ್ತರ: ಆಮೇಲೆ ಏನು ಮಾಡಬೇಕು ಅಂತಿದ್ದಾರೆ ಅನ್ನುವುದರ ಮೇಲಿದೆ ಸರ್. ಶಾಲೆಯಲ್ಲೇ ಇದ್ದು, ಇಡೀ ಶಾಲೆಯ ಅಥವಾ ಜಿಲ್ಲೆಯ ಓದಿನ ಕಾರ್ಯಕ್ರಮ ನೋಡಿಕೊಳ್ಳುವವರಿಗೆ ಇಡಿಡಿ. ಕೆಲಸ ಮಾಡುತ್ತಲೇ ಮುಗಿಸಬಹುದು, ಆದರೆ ಸಾಮಾನ್ಯವಾಗಿ ಫೀಸು ನಾವೇ ಕಟ್ಟಬೇಕು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಬೋಧನೆ ಬೇಕು ಅಂದರೆ ಪಿಎಚ್‌ಡಿ. ಪೂರ್ಣಕಾಲಿಕವಾಗಿ ಸೇರಿದರೆ ಬಹಳ ಕಡೆ ಸಹಾಯಕರಾಗಿ ದುಡಿದು ಫೀಸು ಮಾಫಿ ಮಾಡಿಸಿಕೊಳ್ಳಬಹುದು, ತಿಂಗಳಿಗೆ ಸ್ವಲ್ಪ ದುಡ್ಡೂ ಬರುತ್ತದೆ. ನಮ್ಮಲ್ಲಿ ಇಲ್ಲದ ಹಾಗೆ, ಅಲ್ಲಿ ಓದು ಬರಹದ ಶಿಕ್ಷಣಕ್ಕೇ ಬೇರೆ ವಿಭಾಗಗಳಿವೆ, 1956ರಿಂದಲೂ ಓದು ಕಲಿಸುವವರದೇ ಅಂತಾರಾಷ್ಟ್ರೀಯ ಸಂಘವಿದೆ. ನಿಮ್ಮ ತಂಗಿಗೆ ಕನ್ನಡ ಓದಲು ಬರೆಯಲು ಬರುತ್ತದೆ ಅಲ್ವಾ? ಎರಡು ಲಿಪಿ ಕಲಿಯುವ ಮಕ್ಕಳ ಬಗ್ಗೆ ಕೆಲಸ ಮಾಡುವ ಪ್ರೊಫೆಸರ್‌ಗೆ ಅದನ್ನು ಹೇಳಿ ಈಗಲೇ ಇಮೇಲ್ ಬರೆಯಲಿ. ಬಹಳಷ್ಟು ಕಡೆ ಪಿಎಚ್‌ಡಿ ಅರ್ಜಿಗೆ ಕೊನೆಯ ದಿನ ಡಿಸೆಂಬರ್‌ನಲ್ಲಿ ಬರುತ್ತದೆ.