ಅರ್ಧಕ್ಕೆ ನಿಂತ ಕ್ಯಾಮರೋ ಮಾರುವುದು ಹೇಗೆ?

ಪ್ರಶ್ನೆ: ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ. 1969ರ ಷೆವ್ರೊಲೆ ಕ್ಯಾಮರೋ ಕಾರು ಬಿಚ್ಚಿಟ್ಟು ನಾಲ್ಕು ವರ್ಷವಾಯಿತು. ಎಂಜಿನ್ ಸ್ಟ್ಯಾಂಡ್ ಮೇಲಿದೆ, ಉಳಿದದ್ದೆಲ್ಲ ಡಬ್ಬಗಳಲ್ಲಿ. ಮೈಸೂರಿಗೆ ವಾಪಸಾಗುತ್ತಿರುವುದರಿಂದ ಮಾರಬೇಕು. ಬಾಡಿ ಮೇಲೆ ಪ್ರೈಮರ್ ಹೊಡೆಸಿದರೆ ಹೆಚ್ಚು ಬೆಲೆ ಬರುತ್ತದೆಯೇ?

ಉತ್ತರ: ಪ್ರೈಮರ್ ಹೊಡೆಸಲೇಬೇಡಿ. ಹೊಸ ಪ್ರೈಮರ್ ಕಂಡೊಡನೆ ಅದರಡಿ ತುಕ್ಕೋ ಪುಟ್ಟಿಯೋ ಇದೆಯೆಂದು ಅನುಮಾನ ಬರುತ್ತದೆ. ವೆಲ್ಡಿಂಗ್ ಮಾಡಿದ ಜಾಗ ಬರಿಗಣ್ಣಿಗೆ ಕಾಣಲಿ. ಫ್ಲೋರ್, ಡಿಕ್ಕಿ, ಹಿಂದಿನ ಫ್ರೇಮ್ ರೈಲ್, ವಿಂಡ್‌ಶೀಲ್ಡ್ ಕೆಳಗಿನ ಕೌಲ್‌ಗಳ ಫೋಟೊ ಹತ್ತಿರದಿಂದ ತೆಗೆಯಿರಿ. ತೂತು ಬಿದ್ದಿದ್ದರೆ ಅದನ್ನೂ ತೋರಿಸಿ.

ಬೆಲೆ ನಿರ್ಧಾರವಾಗುವುದು ನಂಬರ್‌ಗಳಿಂದ. ಡ್ರೈವರ್ ಬದಿಯ ಡ್ಯಾಶ್ ಮೇಲೆ ಕಾರಿನ ಗುರುತಿನ ನಂಬರ್ (ವಿಐಎನ್) ಇರುವ ಲೋಹದ ಪಟ್ಟಿ ಇದೆ, ಅದರಲ್ಲಿ 13 ಅಕ್ಷರಾಂಕಿಗಳು. 124ರಿಂದ ಶುರುವಾದರೆ ಅದು ವಿ8 (ಎಂಟು ಸಿಲಿಂಡರ್) ಆಗಿಯೇ ಹುಟ್ಟಿದ ಕಾರು. 123 ಆದರೆ ಆರು ಸಿಲಿಂಡರಿನದು. 123ರ ಕಾರನ್ನು ಎಸ್‌ಎಸ್ (ವಿ8 ಎಂಜಿನ್ನಿನಲ್ಲೇ ಬಂದ ಸೂಪರ್ ಸ್ಪೋರ್ಟ್ ಮಾದರಿ) ಎಂದು ಜಾಹೀರಾತು ಕೊಟ್ಟರೆ ಮೊದಲ ಫೋನಿನಲ್ಲೇ ಮರ್ಯಾದೆ ಹೋಗುತ್ತದೆ.

ನಿಮ್ಮ ಎಂಜಿನ್ ಸ್ಮಾಲ್ ಬ್ಲಾಕ್ (ಷೆವ್ರೊಲೆಯ ಚಿಕ್ಕ ಗಾತ್ರದ ವಿ8) ಆಗಿದ್ದರೆ ಬ್ಲಾಕಿನ ಮುಂಭಾಗದಲ್ಲಿ, ಪ್ಯಾಸೆಂಜರ್ ಬದಿಯ ಸಿಲಿಂಡರ್ ಹೆಡ್ಡಿನ ಎದುರು ಸಣ್ಣ ಸಮತಟ್ಟು ಜಾಗವಿದೆ. ಅಲ್ಲಿ ಎಂಜಿನ್ ಕೋಡ್ ಅಚ್ಚೊತ್ತಿರುತ್ತಾರೆ. ಕಾರಿನ ನಂಬರಿನ ಕೊನೆಯ ಭಾಗ ಅಲ್ಲೇ ಇಲ್ಲವೇ ಆಯಿಲ್ ಫಿಲ್ಟರ್ ಬಳಿ ಸಿಗುತ್ತದೆ. ಅದು ಡ್ಯಾಶಿನ ನಂಬರಿಗೆ ಹೊಂದಿದರೆ ಎಂಜಿನ್ ಆ ಕಾರಿನದೇ ಎಂದರ್ಥ. ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ವೈರ್ ಬ್ರಷ್, ಸ್ಯಾಂಡ್‌ಪೇಪರ್ ಮುಟ್ಟಿಸಲೇಬೇಡಿ. ಆ ಜಾಗದಲ್ಲಿ ಕಾರ್ಖಾನೆಯಲ್ಲೇ ಬಿದ್ದ ಸಾಲುಸಾಲು ನವಿರು ಗೀರುಗಳನ್ನು ಬಲ್ಲವರು ಹುಡುಕುತ್ತಾರೆ. ಅವು ಅಳಿಸಿಹೋದರೆ ಅಸಲಿ ಎಂಜಿನ್ ಕೂಡ ನಕಲಿಯಂತೆ ಕಾಣುತ್ತದೆ. ಮಷಿನ್ ಶಾಪಿನಲ್ಲಿ ಬ್ಲಾಕಿನ ಮೇಲ್ಮೈ ಉಜ್ಜಿಸಿದ್ದರೆ ಅವು ಆಗಲೇ ಹೋಗಿರಬಹುದು. ಹಾಗಿದ್ದರೆ ಮೊದಲೇ ಹೇಳಿ.

ನಂತರ ಡಬ್ಬಗಳು. ಬೋಲ್ಟ್‌ಗಳನ್ನು ಜಾಗವಾರು ಚೀಲಕ್ಕೆ ಹಾಕಿ ಚೀಟಿ ಅಂಟಿಸಿ, ಇಲ್ಲದ ಭಾಗಗಳನ್ನು ಬೇರೆಯಾಗಿ ಬರೆಯಿರಿ. ಏನೇನು ಇಲ್ಲವೆಂಬ ಪಟ್ಟಿ ಕೈಲಿರದಿದ್ದರೆ ಕೊಳ್ಳುವವರು ಇರುವುದಕ್ಕೂ ಬೆಲೆ ಕಟ್ಟುವುದಿಲ್ಲ. ಎಂಜಿನ್ ಮುಂದಿನ ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಪಾನಾ ಹಾಕಿ ಎಂಜಿನ್ ಕೈಯಲ್ಲೇ ತಿರುಗುವುದನ್ನು ವಿಡಿಯೊ ಮಾಡಿ. ಕಾರಿಗೆ ನಾಲ್ಕು ಚಕ್ರ, ಸ್ಟೀರಿಂಗ್ ಇರಲೇಬೇಕು. ಉರುಳದ ಕಾರನ್ನು ಟ್ರೈಲರಿಗೆ ಹತ್ತಿಸುವ ಖರ್ಚನ್ನು ನಿಮ್ಮ ಬೆಲೆಯಲ್ಲೇ ಮುರಿದುಕೊಳ್ಳುತ್ತಾರೆ. ನೀವು ಸುರಿದ ದುಡ್ಡಿನ ರಸೀದಿಗಳನ್ನು ಕೂಡಿಸಿ ಬೆಲೆ ಹೇಳಬೇಡಿ. ನಿಮ್ಮದರಂತೆಯೇ ಅರ್ಧಕ್ಕೆ ನಿಂತು ಮಾರಾಟವಾದ ಕಾರುಗಳ ಬೆಲೆ ನೋಡಿ.

ಟೈಟಲ್ (ಕಾರಿನ ಮಾಲೀಕತ್ವದ ಪತ್ರ) ನಿಮ್ಮ ಹೆಸರಿನಲ್ಲಿದೆಯೇ? ಇಲ್ಲದಿದ್ದರೆ ಜಾಹೀರಾತಿಗೂ ಮುಂಚೆ ಅದನ್ನು ಮುಗಿಸಿ. ಕೊಳ್ಳುವವರ ಹೆಸರು ಖಾಲಿ ಬಿಟ್ಟ ಟೈಟಲಿಗೆ ಸಹಿ ಹಾಕಿಟ್ಟು ವಿಮಾನ ಹತ್ತಬೇಡಿ. ಕೊಳ್ಳುವವರ ಜೊತೆ ಮಿಷಿಗನ್‌ನಲ್ಲಿ ವಾಹನ ನೋಂದಣಿ ನೋಡಿಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೇ ಹೋಗಿ ವರ್ಗಾಯಿಸಿ, ನಂಬರ್ ಪ್ಲೇಟ್ ಬಿಚ್ಚಿ ನಿಮ್ಮ ಬಳಿ ಇಟ್ಟುಕೊಳ್ಳಿ. ಕ್ಯಾಷಿಯರ್ಸ್ ಚೆಕ್ (ಬ್ಯಾಂಕೇ ಬರೆದುಕೊಡುವ ಚೆಕ್) ಕೊಟ್ಟರೆ, ಅದನ್ನು ಬರೆದುಕೊಟ್ಟ ಬ್ಯಾಂಕಿನ ಕೌಂಟರಿನಲ್ಲೇ ಪರೀಕ್ಷಿಸಿದ ಮೇಲೆ ಕಾರು ಬಿಟ್ಟುಕೊಡಿ.